ಮೆಗಾವ್ಯಾಟ್ ಬಿಡ್ರಿ, ಸಂಜೆ ಏಳರ ಲೆಕ್ಕ ಹೇಳ್ರಿ

ನಮ್ಮ ಕಲಬುರಗಿಗೆ ಬಿಸಿಲಿನ ಬರ ಇಲ್ಲ, ಸೋಲಾರ್ ಹಾಕಿದ್ರ ಕರೆಂಟಿನ ಚಿಂತೆ ಮುಗೀತು ಅಂತ ಇವತ್ತು ಮತ್ತೊಂದು ಭಾಷಣ. ಇಷ್ಟು ಮೆಗಾವ್ಯಾಟ್, ಅಷ್ಟು ಮೆಗಾವ್ಯಾಟ್ ಅಂದ್ರು, ಚಪ್ಪಾಳೆ ಬಿತ್ತು. ಆ ಕರೆಂಟು ಯಾವ ಹೊತ್ತಿಗೆ ಬರ್ತದ, ನಮಗ ಯಾವ ಹೊತ್ತಿಗೆ ಬೇಕು ಅಂತ ಒಬ್ಬರೂ ಕೇಳಲಿಲ್ಲ. ನನಗ ಸಿಟ್ಟು ಬಂದದ್ದು ಅದಕ್ಕೆ.

ಬಿಸಿಲಿನ ಮಾತೂ ಪೂರ್ತಿ ಖರೇ ಅಲ್ಲ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಕಾವಲ್ಲ. ಅದರ ವ್ಯಾಟ್ ಅಳೆಯೋದು 25 ಡಿಗ್ರಿಯಲ್ಲಿ. ಏಪ್ರಿಲ್ ಮಧ್ಯಾಹ್ನ ನಮ್ಮ ಪ್ಯಾನೆಲ್ 65 ಡಿಗ್ರಿಗೆ ಕಾಯ್ತದ, ಡಿಗ್ರಿಗೆ 0.35ರಿಂದ 0.4 ಪರ್ಸೆಂಟ್ ಕಳೀರಿ, 14ರಿಂದ 16 ಪರ್ಸೆಂಟ್ ಅಲ್ಲೇ ಹೋಯ್ತು. ಮ್ಯಾಲೆ ಧೂಳು ಬ್ಯಾರೆ.

ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿಂದು. ಮನೆಮನೆಯಾಗ ದೀಪ ಹಚ್ಚೋ ಸಂಜೆ ಏಳಕ್ಕ ಅದರಿಂದ ಬರೋದು ಸೊನ್ನೆ. ಗಾಳಿ ಚಲೋ ಬೀಸೋದು ಮಳೆಗಾಲದಾಗ, ಬೇಡಿಕೆ ಏರೋದು ಬೇಸಿಗೆಯಾಗ. ಸಂಜೆ ಸೋಲಾರ್ ಇಳಿಯೋ ಎರಡು ತಾಸಿನಾಗ ಅದರ ಬದಲು ಯಾರು ಏರಬೇಕು? ರಾಯಚೂರಿನ 210 ಮೆಗಾವ್ಯಾಟಿನ ಕಲ್ಲಿದ್ದಲು ಯೂನಿಟ್ ನಿಮಿಷಕ್ಕ ಒಂದು ಪರ್ಸೆಂಟಿನ ಲೆಕ್ಕದಾಗ ಎರಡೇ ಮೆಗಾವ್ಯಾಟ್ ಏರ್ತದ. ಹಗಲು ಆರಿಸಿ ಸಂಜೆ ಹಚ್ಚಲಿಕ್ಕೆ ಬರೋದಿಲ್ಲ. ತಣ್ಣಗಾದ ಬಾಯ್ಲರ್ ಮತ್ತ ಪೂರ್ತಿ ಲೋಡಿಗೆ ಬರಲಿಕ್ಕೆ ಹಲವು ತಾಸು ಬೇಕು. ಅದಕ್ಕ ಕಡಿಮೆ ಅಂದ್ರೂ 55 ಪರ್ಸೆಂಟ್, ಅಂದ್ರ ಸುಮಾರು 115 ಮೆಗಾವ್ಯಾಟಿನಾಗ ಹಗಲೆಲ್ಲ ಉರಿಸಬೇಕು. 40ಕ್ಕ ಇಳಿಸ್ರಿ ಅನ್ನೋ ನಿಯಮ ಬಂದದ, ಖರೆ. ಇಳಿಸಿದಷ್ಟೂ ಉರಿ ಸ್ಥಿರ ಇರೋದಿಲ್ಲ, ಅದಕ್ಕ ಎಣ್ಣೆ ಸುಡಬೇಕು, ಬಾಯ್ಲರಿನ ಟ್ಯೂಬ್ ಸೀಳ್ತಾವ. ಶರಾವತಿಯ 1,035 ಮೆಗಾವ್ಯಾಟ್ ಜಲವಿದ್ಯುತ್ ನಿಮಿಷಗಳಾಗ ಏರ್ತದ, ಆದ್ರ 2023ರಂಥ ಬರದಾಗ ನೀರು ಸಾಲೋದಿಲ್ಲ.

ಹಂಗಾದ್ರ ದಾರಿ? ನಮ್ಮ ಹೊಲದ ಮೋಟರ್, ಅದನ್ನ ಸೋಲಾರ್ ಬರೋ ಹಗಲಿಗೆ ಸರಿಸ್ರಿ. ಪಂಪ್‌ಸೆಟ್‌ಗೆ ದಿನಕ್ಕ ಏಳು ತಾಸು ತ್ರೀ ಫೇಸ್. ಮುಂಜಾನೆ 9ರಿಂದ ಸಂಜೆ 4, ಲೆಕ್ಕ ಸರಿಯಾಗಿ ಕೂಡ್ತದ. ನೀರು ಮಧ್ಯಾಹ್ನ ಬಿಟ್ಟರೂ ತೊಗರಿ, ಕಬ್ಬು ಬೇಡ ಅನ್ನೋದಿಲ್ಲ. ರಾತ್ರಿ ಕೊಟ್ರ ರೈತ ಹಾವು ಚೇಳಿನ ನಡುವ ಹೋಗಬೇಕು, ಇಲ್ಲ ಆಟೋ ಸ್ಟಾರ್ಟರ್ (ಕರೆಂಟು ಬಂದ ಕೂಡ್ಲೇ ತಾನೇ ಮೋಟರ್ ಹಚ್ಚೋದು) ಹಾಕಿ ಮಲಗಬೇಕು. ಬೋರ್ ಬತ್ತಿದ್ದು ಗೊತ್ತಾಗದೆ ಮೋಟರ್ ಸುಡ್ತದ.

ಆದ್ರ ಎಲ್ಲರಿಗೂ ಹಗಲೇ ಕೊಡ್ತೀವಿ ಅಂದ್ರ ಆಗೋದಿಲ್ಲ. ಕೆಲವರಿಗೆ ಹಗಲು, ಕೆಲವರಿಗೆ ರಾತ್ರಿ ಅಂತ ಪಾಳಿ ಹಾಕಿದ್ದೇ ಎಲ್ಲಾ ಮೋಟರಿನ ಹೊರೆ ಒಮ್ಮೆಲೇ ಸಬ್‌ಸ್ಟೇಷನ್ ತಡೆಯೋದಿಲ್ಲ ಅಂತ. 5 ಎಂವಿಎ ಟ್ರಾನ್ಸ್‌ಫಾರ್ಮರಿನ 33/11 ಕೆವಿ ಸ್ಟೇಷನ್ ತಗೊಳ್ರಿ. ಅದರ ಬಾಜೂಕೆ 11 ಕೆವಿ ಬಸ್ಸಿಗೇ (ಹೊಲದ ಲೈನ್ ಹೊರಡೋ ಕಂಬಿಗೇ) 3-4 ಮೆಗಾವ್ಯಾಟ್ ಸೋಲಾರ್ ಜೋಡಿಸಿದ್ರ (ಮೆಗಾವ್ಯಾಟಿಗೆ ನಾಕೈದು ಎಕರೆ) ಮೋಟರಿನ ಕರೆಂಟು ಆ ಟ್ರಾನ್ಸ್‌ಫಾರ್ಮರ್ ದಾಟೋದೇ ಬ್ಯಾಡ. ಒಂದು ತೊಡಕದ: 33 ಕೆವಿ ಲೈನ್ ಟ್ರಿಪ್ ಆದ್ರ ಗ್ರಿಡ್ ಇಲ್ಲದೆ ಓಡದ ಸೋಲಾರ್ ಇನ್ವರ್ಟರೂ ಬಂದ್, ಎಷ್ಟೇ ಬಿಸಿಲಿರಲಿ. ಹಳೇ ಲೈನಿನ ಇನ್ಸುಲೇಟರ್, ಜಂಪರ್ ಮೊದಲು ಬದಲಿಸ್ರಿ.

ಇನ್ನ ಟಿಸಿ, ಅಂದ್ರ ಹೊಲದ ಹತ್ರದ ಸಣ್ಣ ಟ್ರಾನ್ಸ್‌ಫಾರ್ಮರ್. 63 ಕೆವಿಎ ಟಿಸಿಗೆ 5 ಎಚ್‌ಪಿಯ ಹತ್ತು ಮೋಟರ್ ಅಂದ್ರ ತುಂಬಿತು, ಅದೂ ಕೆಪಾಸಿಟರ್ ಇಲ್ಲದಾಗ. ಒಂದೊಂದು ಮೋಟರಿಗೆ 2 ಕೆವಿಎಆರ್ ಕೆಪಾಸಿಟರ್ ಕೂಡಿಸಿದ್ರ ಹೊರೆ ಇಳೀತದ. ಫೀಡರಿಗೆ (ಸಬ್‌ಸ್ಟೇಷನ್‌ನಿಂದ ಹೊಲಕ್ಕ ಬರೋ ಲೈನಿಗೆ) ಕರೆಂಟು ಬಂದ ಕೂಡ್ಲೇ ಆಟೋ ಸ್ಟಾರ್ಟರ್ ಎಲ್ಲ ಒಮ್ಮೆಲೇ ಎಳೀತಾವ. ಹೊರಡುವಾಗ ಮೋಟರ್ ಐದಾರು ಪಟ್ಟು ಕರೆಂಟು ನುಂಗ್ತದ, ವೋಲ್ಟೇಜ್ ಕುಸೀತದ, ವೈಂಡಿಂಗ್ ಹೋಗ್ತದ. ಸ್ಟಾರ್ಟರಿಗೊಂದು ಟೈಮರ್ ಹಾಕಿ, ಒಂದಾದ ಮ್ಯಾಲೆ ಒಂದು ಶುರುವಾಗೋ ಹಂಗ ಮಾಡ್ರಿ. ಇಷ್ಟು ಅಗ್ಗದ ಕೆಲಸ ಯೋಜನೆಯಾಗ ಯಾಕ ಬರೋದಿಲ್ಲ?

ಬ್ಯಾಟರಿ ಇಡ್ತಾರಲ್ಲ ಅಂತೀರಿ. ಇಡಲಿ, ಸಂಜೆಗೆ ಬೇಕೇ ಬೇಕು. ಆದ್ರ 100 ಮೆಗಾವ್ಯಾಟ್ ನಾಕು ತಾಸು ಬರಬೇಕಂದ್ರ 400 ಮೆಗಾವ್ಯಾಟ್ ತಾಸಿನ ಬ್ಯಾಟರಿ ಬೇಕು, ಅದರಾಗ 100 ಯೂನಿಟ್ ತುಂಬಿದ್ರ ಸುಮಾರು 85 ವಾಪಸ್. ಹಗಲೇ ಓಡಬಹುದಾದ ಮೋಟರಿಗೆ ರಾತ್ರಿ ಬ್ಯಾಟರಿ ಕರೆಂಟು ಕೊಡೋದು ದುಡ್ಡು ಸುಟ್ಟಂಗ.

ಗ್ರಿಡ್ ದಿನವನ್ನ ಹದಿನೈದು ನಿಮಿಷದ 96 ತುಂಡು ಮಾಡಿ ನಡಸ್ತದ. ಕಲಬುರಗಿ, ಬೀದರ, ಯಾದಗಿರಿಯ ಒಂದೊಂದು ಸಬ್‌ಸ್ಟೇಷನ್‌ಗೂ ಆ 96ರ ಪಟ್ಟಿ ಮಾಡ್ರಿ: ಎಷ್ಟು ಬೇಕು, ಎಷ್ಟು ಬರ್ತದ, ಯಾವ ಫೀಡರ್ ಸರಿಸಬಹುದು. ಪಾರ್ಕಿನ ಜಾಗ ಆಮ್ಯಾಲೆ ನೋಡ್ರಿ.