ಹಳೇ ಬೇಲಿಯ ಹಾಪ್ಸ್ ಬಳ್ಳಿಗೆ ಗುದ್ದಲಿ ಹಾಕುವ ಮುನ್ನ

ಇಲ್ಲಿ ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವ ಗೆಳೆಯರಿಗೆಲ್ಲ ಈಗ ಒಂದೇ ಆಸೆ. ಬಿಯರ್‌ಗೆ ಹಾಕುವ ಹಾಪ್ಸ್‌ನ ಕಾಡು ಬಳ್ಳಿ ಹುಡುಕಬೇಕು, ಅದರ ರೈಜೋಮ್ (ನೆಲದಡಿಯ ಕಾಂಡ) ಅಗೆದು ತಂದು ಹಿತ್ತಲಲ್ಲಿ ನೆಡಬೇಕು. ನನಗೂ ಇದೇ ಹುಚ್ಚು ಇರುವುದರಿಂದ ಬೇಡ ಅನ್ನುವುದಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಬಳ್ಳಿ ಯಾವ ಊರಿನದು, ಯಾರ ಜಮೀನಿನದು, ಆ ಜಾಗದಲ್ಲಿ ಹಿಂದೆ ಏನಿತ್ತು, ಇದ್ಯಾವುದೂ ಗೊತ್ತಿಲ್ಲದೆ ಕಿತ್ತು ತಂದ ರೈಜೋಮ್‌ಗೆ ಬೆಲೆಯಿಲ್ಲ. ಬರೀ ಹಾಪ್ಸ್ ಬೇಕಿದ್ದರೆ ನರ್ಸರಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ, ತಳಿಯ ಹೆಸರಿನ ಸಮೇತ. ಅದಕ್ಕಾಗಿ ನೂರು ವರ್ಷದ ಬುಡ ಕೆದಕುವುದು ಯಾಕೆ?

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಬಿಯರ್‌ಗೆ ಕಹಿ, ಪರಿಮಳ ಕೊಡುವುದು ಹಾಪ್ಸ್. ಬೇಗ ಕೆಡದ ಹಾಗೆ ಕಾಯುವುದೂ ಅದೇ. ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ ಬಳ್ಳಿ ಇದು, ಆದರೆ ಅದರ ಅಮಲು ಇದರಲ್ಲಿಲ್ಲ. ಚಳಿಗಾಲ ಬಂತೆಂದರೆ ಮೇಲಿನ ಬಳ್ಳಿಯೆಲ್ಲ ಒಣಗಿ ಹೋಗುತ್ತದೆ. ನೆಲದೊಳಗಿನ ಬುಡ ಮಾತ್ರ ಬದುಕಿರುತ್ತದೆ. ಆ ಬುಡದಿಂದ ಮಣ್ಣಿನಡಿ ಅಡ್ಡಡ್ಡ ಹರಡುವ ಕಾಂಡವೇ ರೈಜೋಮ್. ಶುಂಠಿ, ಅರಿಶಿನ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ತರಹದ ಕಣ್ಣು, ಒಂದು ತುಂಡು ನೆಟ್ಟರೆ ಅದೇ ತರಹದ ಹೊಸ ಗಿಡ.

ನಾನಿರುವುದು ನ್ಯೂಯಾರ್ಕ್ ರಾಜ್ಯದ ನಡುಭಾಗದಲ್ಲಿ, ಸಿರಕ್ಯೂಸ್ ಹತ್ತಿರ. ಮ್ಯಾನ್‌ಹಟನ್‌ನಿಂದ ಬಲು ದೂರ. ಸುತ್ತ ಹಸು ಸಾಕುವವರು, ಮೆಕ್ಕೆಜೋಳದ ಹೊಲಗಳು, ಸೇಬಿನ ತೋಟಗಳು. ಇಲ್ಲಿಂದ ಪೂರ್ವಕ್ಕೆ ಮ್ಯಾಡಿಸನ್, ಒನೈಡಾ, ಒಟ್ಸೆಗೊ ಕೌಂಟಿಗಳಲ್ಲಿ ಓಡಾಡಿದರೆ ಬೇಲಿಯಲ್ಲಿ, ಹಳ್ಳದ ದಂಡೆಯಲ್ಲಿ, ಬಿದ್ದುಹೋದ ಕೊಟ್ಟಿಗೆಗಳ ಮೇಲೆ ಹಾಪ್ಸ್ ಹಬ್ಬಿರುವುದು ಕಾಣುತ್ತದೆ. ಜನ ಇದನ್ನು ಕಾಡು ಹಾಪ್ಸ್ ಅನ್ನುತ್ತಾರೆ. ಇದರಲ್ಲಿ ಬಹುಪಾಲು ಕಾಡಿನದ್ದಲ್ಲ. ಮನುಷ್ಯ ನೆಟ್ಟು, ಬೆಳೆದು, ಆಮೇಲೆ ಕೈಬಿಟ್ಟದ್ದು.

1808ರಲ್ಲಿ ಜೇಮ್ಸ್ ಕೂಲಿಡ್ಜ್ ಎಂಬ ರೈತ ಮ್ಯಾಡಿಸನ್ ಕೌಂಟಿಯಲ್ಲಿ ಹಾಪ್ಸ್ ಬೇಸಾಯ ಶುರು ಮಾಡಿದರು. ಅಲ್ಲಿಂದ ಅದು ಊರಿಂದೂರಿಗೆ ಹಬ್ಬಿತು. 1880ರ ಹೊತ್ತಿಗೆ ಇಡೀ ಅಮೆರಿಕದ ಹಾಪ್ಸ್‌ನಲ್ಲಿ ಮುಕ್ಕಾಲು ಪಾಲು ಈ ಒಂದೇ ರಾಜ್ಯದ್ದು. ಕೊಯ್ಲಿನ ಕಾಲಕ್ಕೆ ಪಟ್ಟಣಗಳಿಂದ ರೈಲು ತುಂಬಾ ಕೂಲಿಯವರು ಬರುತ್ತಿದ್ದರು, ಅವರಲ್ಲಿ ಹೆಂಗಸರೇ ಜಾಸ್ತಿ. ಹಾಪ್ಸ್ ಒಣಗಿಸಲು ಕಟ್ಟಿದ ಎತ್ತರದ ಮನೆಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ಆಮೇಲೆ ಬೂದಿರೋಗ ಬಂತು, ಗಿಡಹೇನಿನ ಕಾಟ ಬಂತು, ಪಶ್ಚಿಮದ ರಾಜ್ಯಗಳ ಅಗ್ಗದ ಹಾಪ್ಸ್ ಮಾರುಕಟ್ಟೆಗೆ ಬಂತು. 1920ರಲ್ಲಿ ಪಾನನಿಷೇಧವೂ ಬಂದ ಮೇಲೆ ಮುಗಿದೇ ಹೋಯಿತು. 1933ರಲ್ಲಿ ನಿಷೇಧ ಹೋದಾಗ ಇಲ್ಲಿನ ರೈತರು ಹಾಲಿನ ಕಡೆಗೆ ತಿರುಗಿಯಾಗಿತ್ತು. ತೋಟದ ಕಂಬಗಳನ್ನು ಕಿತ್ತರು, ಹೊಲ ಉತ್ತರು. ನೇಗಿಲು ತಲುಪದ ಅಂಚಿನಲ್ಲಿ ಬಳ್ಳಿ ಉಳಿದುಕೊಂಡಿತು.

ಇದರಲ್ಲಿ ಇನ್ನೊಂದು ಬಗೆಯೂ ಇದೆ, ನನಗೆ ಅದರ ಮೇಲೆ ಪ್ರೀತಿ ಹೆಚ್ಚು. ಆ ಕಾಲದ ಮನೆಗಳಲ್ಲಿ ಬ್ರೆಡ್‌ಗೆ ಬೇಕಾದ ಯೀಸ್ಟನ್ನು ಹಾಪ್ಸ್ ಕುದಿಸಿದ ನೀರು ಹಾಕಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಹಾಪ್ಸ್ ಇದ್ದರೆ ಅದು ಬೇಗ ಹುಳಿಯಾಗುವುದಿಲ್ಲ. ಅದಕ್ಕೆಂದೇ ಅಡುಗೆಮನೆ ಬಾಗಿಲ ಪಕ್ಕ ಒಂದು ಬಳ್ಳಿ ಇರುತ್ತಿತ್ತು. ಮನೆ ಬಿದ್ದು ಅಡಿಪಾಯದ ಕಲ್ಲು ಮಾತ್ರ ಉಳಿದ ಕಡೆ ಈಗಲೂ ಆ ಬಳ್ಳಿ ಸಿಗುತ್ತದೆ. ಹೈನುಗಾರಿಕೆ ಮಾಡುವ ಒಬ್ಬ ಅಜ್ಜಿ ತಮ್ಮ ಜಮೀನಿನಲ್ಲಿ ಅಂಥದೊಂದನ್ನು ತೋರಿಸಿದರು. ಅವರ ಅಜ್ಜಿ ಅದರಿಂದಲೇ ಬ್ರೆಡ್ ಮಾಡುತ್ತಿದ್ದರಂತೆ. ಅಗೆಯಬಹುದಾ ಅಂತ ಕೇಳಿದೆ. "ಬೇಕಾದಷ್ಟು ತಗೊಳ್ಳಿ, ಆದರೆ ಗುಂಡಿ ಮುಚ್ಚಿ ಹೋಗಿ, ಹಸುವಿನ ಕಾಲು ಸಿಕ್ಕಿಕೊಳ್ಳುತ್ತೆ" ಅಂದರು. ಅಷ್ಟೇ. ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಕೇಳದೆ ಬೇಲಿ ದಾಟುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಒಬ್ಬರು ಹಾಗೆ ಮಾಡಿದರೆ ಮುಂದೆ ಕೇಳಿಕೊಂಡು ಹೋಗುವವರಿಗೂ ಬಾಗಿಲು ಮುಚ್ಚುತ್ತದೆ. ಜೊತೆಗೆ ಜಮೀನಿನವರ ಬಾಯಲ್ಲೇ ಇರುವ ಆ ಬಳ್ಳಿಯ ಕಥೆ ಕೂಡ ಹೋಗುತ್ತದೆ.

ಈ ವಿವರಕ್ಕೆಲ್ಲ ಇಷ್ಟೊಂದು ಮಹತ್ವ ಯಾಕೆ ಅಂತ ಒಬ್ಬ ಗೆಳೆಯ ಕೇಳಿದ. ಒಂದು ಉದಾಹರಣೆ ಸಾಕು. 1916ರಲ್ಲಿ ಕೆನಡಾದ ಮ್ಯಾನಿಟೋಬಾದಿಂದ ಒಂದು ಕಾಡು ಹಾಪ್ಸ್‌ನ ತುಂಡು ಇಂಗ್ಲೆಂಡಿನ ವೈ (Wye) ಎಂಬ ಊರಿನ ಕೃಷಿ ಕಾಲೇಜಿಗೆ ಹೋಯಿತು. ಅಲ್ಲಿ ಪ್ರೊಫೆಸರ್ ಸಾಮನ್ ಅದನ್ನು ನೆಟ್ಟು, ಎಲ್ಲಿಂದ ಬಂತು ಎಂಬುದನ್ನು ಬರೆದಿಟ್ಟರು. ಅದರ ಬೀಜ ತೆಗೆದು ಸಸಿ ಮಾಡಿದರು. ತಾಯಿ ಗಿಡ ಹೆಚ್ಚು ದಿನ ಉಳಿಯಲಿಲ್ಲ. ಆದರೆ ಆ ಸಸಿಗಳಲ್ಲಿ ಒಂದು 1934ರಲ್ಲಿ ಬ್ರೂವರ್ಸ್ ಗೋಲ್ಡ್ ಎಂಬ ತಳಿಯಾಗಿ ಹೊರಬಂತು. ಆಗಿನ ಇಂಗ್ಲಿಷ್ ತಳಿಗಳಿಗಿಂತ ಅದರ ಕಹಿ ಬಹಳ ಜಾಸ್ತಿ. ಇಂದು ನಾವು ಪ್ಯಾಕೆಟ್‌ನಲ್ಲಿ ಕೊಳ್ಳುವ ನಗೆಟ್, ಗಲೀನಾ, ಸೆಂಟೆನಿಯಲ್ ಎಲ್ಲದರಲ್ಲೂ ಬ್ರೂವರ್ಸ್ ಗೋಲ್ಡ್‌ನ ರಕ್ತ ಇದೆ. ಅಂದರೆ ಈಗಿನ ಐಪಿಎ (ಹಾಪ್ಸ್ ಜಾಸ್ತಿ ಹಾಕಿದ ಕಹಿ ಬಿಯರ್) ಕುಡಿಯುವವರು ಮ್ಯಾನಿಟೋಬಾದ ಆ ಒಂದು ತುಂಡಿಗೆ ಋಣಿಗಳು. ಅದರ ಮೇಲೆ ಊರಿನ ಹೆಸರಿನ ಚೀಟಿ ಇಲ್ಲದಿದ್ದರೆ ಇಷ್ಟೂ ನಮಗೆ ಗೊತ್ತಾಗುತ್ತಲೇ ಇರಲಿಲ್ಲ, ಅಲ್ವಾ?

ಸರಿ, ಅಗೆಯುವ ವಿಷಯ. ಕೆಲಸ ಶುರುವಾಗುವುದು ವಸಂತದಲ್ಲಲ್ಲ, ಹಿಂದಿನ ಆಗಸ್ಟ್‌ನಲ್ಲಿ. ಹಾಪ್ಸ್‌ನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬಿಯರ್‌ಗೆ ಬೇಕಾದ ಕೋನ್, ಅಂದರೆ ಎಸಳೆಸಳಾದ ಹೂಗೊಂಚಲು, ಬಿಡುವುದು ಹೆಣ್ಣು ಮಾತ್ರ. ಎಲೆ ನೋಡಿ, ಬುಡ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ಹೂಬಿಟ್ಟಾಗಲೇ ಗೊತ್ತಾಗುವುದು. ಆದ್ದರಿಂದ ಆಗಸ್ಟ್ ಕೊನೆಗೆ ಹೋಗಿ, ಒಂದು ಕೋನ್ ಕಿತ್ತು ಉದ್ದಕ್ಕೆ ಸೀಳಿ ನೋಡಬೇಕು. ಎಸಳುಗಳ ಬುಡದಲ್ಲಿ ಹಳದಿ ಪುಡಿ ಇರುತ್ತದೆ, ಅದು ಲುಪ್ಯುಲಿನ್. ಕಹಿ, ಪರಿಮಳ ಎರಡೂ ಅದರಲ್ಲೇ. ಅಂಗೈಯಲ್ಲಿ ಉಜ್ಜಿ ಮೂಸಬೇಕು. ಕೆಲವು ಬಳ್ಳಿ ಕಿತ್ತಳೆ ಸಿಪ್ಪೆಯ ಹಾಗೆ, ಕೆಲವು ಹಸಿ ಹುಲ್ಲಿನ ಹಾಗೆ ಇರುತ್ತವೆ. ಕೆಲವಂತೂ ಬೆಳ್ಳುಳ್ಳಿ ನಾತ. ಬೆಳ್ಳುಳ್ಳಿಯದ್ದನ್ನು ಸುಮ್ನೆ ಬಿಟ್ಟುಬಿಡಿ. ಹಿಡಿಸಿದ್ದಕ್ಕೆ ಒಂದು ಬಣ್ಣದ ದಾರ ಕಟ್ಟಿ, ಫೋನಿನಲ್ಲಿ ಜಾಗ ಗುರುತು ಮಾಡಿಕೊಂಡು ಬನ್ನಿ.

ಬೀಜ ತಂದು ಬಿತ್ತಿದರೆ ಸಾಲದಾ ಎಂದು ಕೇಳುತ್ತಾರೆ. ಬೀಜದಿಂದ ಬಂದ ಪ್ರತಿ ಸಸಿಯೂ ಬೇರೆ ಬೇರೆ, ಸುಮಾರು ಅರ್ಧ ಗಂಡಾಗಬಹುದು. ರೈಜೋಮ್ ಹಾಗಲ್ಲ. ನೀವು ಮೂಸಿ ನೋಡಿದ ಅದೇ ಗಿಡ ನಿಮ್ಮ ಹಿತ್ತಲಿಗೆ ಬರುತ್ತದೆ. 1880ರ ತೋಟದ ಗಿಡ ಇಂದೂ ಬದುಕಿದೆ ಅಂದರೆ ಅದು ಬದುಕಿರುವುದು ಹೀಗೆಯೇ. ನನಗೆ ರೈಜೋಮ್ ಮೇಲೆ ಇಷ್ಟೊಂದು ಗೌರವ ಬಂದದ್ದು ಈ ಕಾರಣಕ್ಕೆ.

ಅಗೆಯಲು ಒಳ್ಳೆಯ ಕಾಲ ಹಿಮ ಕರಗಿದ ಮೇಲೆ, ಚಿಗುರು ಮೇಲೇಳುವ ಮುಂಚೆ. ನಮ್ಮ ಕಡೆ ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ದಾರ ಕಟ್ಟಿದ ಒಣ ಬಳ್ಳಿಯನ್ನೇ ಹಿಡಿದು ನೆಲದವರೆಗೆ ಹೋಗಬೇಕು. ಇಲ್ಲದಿದ್ದರೆ ಪಕ್ಕದ ಗಂಡು ಗಿಡದ ರೈಜೋಮ್ ಕೈಗೆ ಬಂದೀತು. ಮಣ್ಣಿನಡಿ ಎಲ್ಲವೂ ಹೆಣೆದುಕೊಂಡಿರುತ್ತವೆ. ಬುಡದಿಂದ ಒಂದಡಿ ದೂರದಲ್ಲಿ, ಒಂದೇ ಬದಿಯಲ್ಲಿ ಮಣ್ಣು ಬಿಡಿಸಿ. ಅಡ್ಡ ಹೋಗುವ, ಪೆನ್ಸಿಲ್‌ಗಿಂತ ದಪ್ಪದ, ಬಿಳಿ ಕಣ್ಣುಗಳಿರುವ ಕಾಂಡ ಸಿಕ್ಕರೆ ಅದು ರೈಜೋಮ್. ಕಣ್ಣಿಲ್ಲದೆ ನೇರ ಕೆಳಗಿಳಿಯುವುದು ಬೇರು, ಅದನ್ನು ಮುಟ್ಟಬೇಡಿ. ನಾಲ್ಕರಿಂದ ಆರು ಇಂಚಿನ ತುಂಡು, ಎರಡು ಮೂರು ಕಣ್ಣು. ಒಂದು ಗಿಡದಿಂದ ಅಂಥ ಎರಡು ತುಂಡು ಧಾರಾಳ ಸಾಕು. ಒಂದು ಹೋದರೆ ಇನ್ನೊಂದು ಇರಲಿ ಅಂತ ಎರಡು. ಇಡೀ ಬುಡವನ್ನೇ ಮೀಟಿ ಟ್ರಕ್‌ಗೆ ಹಾಕಿಕೊಂಡು ಹೋದವರ ಫೋಟೋ ನೋಡಿದ್ದೇನೆ. ನನ್ನ ಪ್ರಕಾರ ಅದು ಕೊಳ್ಳೆ. ರಸ್ತೆ ಅಗಲ ಮಾಡಲು ನಾಳೆ ಜೆಸಿಬಿ ಬರುತ್ತದೆ ಅಂದರೆ ಮಾತು ಬೇರೆ. ಆಗ ಒಪ್ಪಿಗೆ ಪಡೆದು ಪೂರ್ತಿ ತೆಗೆಯಿರಿ, ಹಂಚಿ.

ತುಂಡನ್ನು ಒದ್ದೆ ಪೇಪರ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರಿಡ್ಜ್‌ನಲ್ಲಿಟ್ಟರೆ ಕೆಲವು ವಾರ ತಡೆಯುತ್ತದೆ. ಚೀಲದ ಮೇಲೆ ಊರು, ಜಮೀನಿನವರು ಹೇಳಿದ ಮಾತು, ಕೋನ್‌ನ ವಾಸನೆ, ತಾರೀಖು ಎಲ್ಲ ಅವತ್ತೇ ಬರೆಯಿರಿ. ಮನೆಗೆ ಹೋಗಿ ಬರೆದರಾಯಿತು ಅಂದುಕೊಂಡದ್ದು ಉಳಿಯುವುದಿಲ್ಲ.

ಬೇಲಿಯಲ್ಲಿ ಹಾಪ್ಸ್ ಒಂದೇ ಇರುವುದಿಲ್ಲ, ಜೋಪಾನ. ಪಾಯ್ಸನ್ ಐವಿ ಎಂಬ ವಿಷಬಳ್ಳಿ ಏಪ್ರಿಲ್‌ನಲ್ಲಿ ಎಲೆಯಿಲ್ಲದೆ ನಿಂತಿರುತ್ತದೆ. ಅದರ ಕಾಂಡದ ತುಂಬಾ ಬೇರಿನ ರೋಮ ಇರುತ್ತದೆ, ತಾಕಿದರೆ ಮೈಯೆಲ್ಲ ಬೊಬ್ಬೆ. ಉಣ್ಣೆಹುಳು ಕೂಡ ಅದೇ ಹೊತ್ತಿಗೆ ಏಳುತ್ತದೆ, ಅದರಿಂದ ಲೈಮ್ ಕಾಯಿಲೆ ಬರುತ್ತದೆ. ಜಪಾನಿ ಹಾಪ್ಸ್ ಎಂಬ ಕಳೆಯೂ ಇದೆ. ಎಲೆಗೆ ಐದರಿಂದ ಏಳು ಸೀಳು, ಒಂದೇ ವರ್ಷದ ಆಯಸ್ಸು, ಬಿಯರ್‌ಗೆ ಏನೂ ಪ್ರಯೋಜನವಿಲ್ಲ. ಅದನ್ನು ತಂದು ನೆಟ್ಟರೆ ಬೀಜ ಉದುರಿಸಿ ಊರೆಲ್ಲ ಹರಡುತ್ತದೆ.

ಇನ್ನು ರೋಗ. ಈ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ನಿಜವಾದ ಆತಂಕ ಇರುವುದೇ ಇಲ್ಲಿ. ಬೂಜು ತುಪ್ಪಟ ರೋಗದ (ಡೌನಿ ಮಿಲ್ಡ್ಯೂ) ರೋಗಾಣು ಚಳಿಗಾಲ ಕಳೆಯುವುದೇ ಬುಡದ ಕಣ್ಣುಗಳೊಳಗೆ. ವೈರಸ್‌ಗಳೂ ರೈಜೋಮ್‌ನಲ್ಲೇ ಪ್ರಯಾಣ ಮಾಡುತ್ತವೆ. ನೋಡಲು ಗಟ್ಟಿಮುಟ್ಟಾಗಿರುವ ತುಂಡು ಪಕ್ಕದೂರಿನ ಹಾಪ್ಸ್ ರೈತನ ಹೊಟ್ಟೆಗೆ ಹೊಡೆಯಬಹುದು. ವಾಷಿಂಗ್ಟನ್, ಒರೆಗಾನ್, ಐಡಾಹೊ ರಾಜ್ಯಗಳು ಹೊರಗಿನ ಹಾಪ್ಸ್ ಗಿಡಗಳ ಮೇಲೆ ಕ್ವಾರಂಟೈನ್ ಹಾಕಿರುವುದು ಇದಕ್ಕೇ. ದೇಶದ ಹಾಪ್ಸ್ ಬಹುತೇಕ ಬೆಳೆಯುವುದು ಆ ಮೂರೇ ರಾಜ್ಯಗಳಲ್ಲಿ. ತಂದ ರೈಜೋಮನ್ನು ಮೊದಲ ವರ್ಷ ಕುಂಡದಲ್ಲಿ, ಬೇರೆ ಹಾಪ್ಸ್‌ನಿಂದ ದೂರ ಇಡಿ. ಕುಳ್ಳಗೆ, ಸುರುಟಿಕೊಂಡು, ಹಳದಿಯಾಗಿ ಚಿಗುರು ಬಂದರೆ ಕುಂಡದ ಸಮೇತ ನಾಶ ಮಾಡಿ. ಕನಿಕರ ಬೇಡ.

ನಿಜವಾದ ಕಾಡು ಹಾಪ್ಸ್ ಅಮೆರಿಕದಲ್ಲಿ ಇದೆ. ನ್ಯೂ ಮೆಕ್ಸಿಕೊ, ಕೊಲೊರಾಡೊ ಕಡೆಯ ಬೆಟ್ಟದ ಕಣಿವೆಗಳಲ್ಲಿ ನಿಯೋಮೆಕ್ಸಿಕಾನಸ್ ಎಂಬ ಬಗೆ ತಾನಾಗಿ ಬೆಳೆಯುತ್ತದೆ, ಅದನ್ನು ಯಾರೂ ನೆಟ್ಟದ್ದಲ್ಲ. ಸಾಬ್ರೊ ಎಂಬ ಹೆಸರಾದ ತಳಿ ಬಂದದ್ದು ಅದರ ವಂಶದಿಂದ. ಅಲ್ಲಿ ಗುದ್ದಲಿ ಮುಟ್ಟಲೇಬಾರದು ಅನ್ನುವುದು ನನ್ನ ನಿಲುವು. ನ್ಯಾಷನಲ್ ಪಾರ್ಕ್‌ನಲ್ಲಿ ಗಿಡ ಅಗೆಯುವುದು ಹೇಗೂ ಕಾನೂನಿಗೆ ವಿರುದ್ಧ, ನ್ಯಾಷನಲ್ ಫಾರೆಸ್ಟ್ ಆದರೆ ಪರ್ಮಿಟ್ ಬೇಕು. ಪರ್ಮಿಟ್ ಸಿಕ್ಕರೂ ಬುಡ ಕೆದಕಬೇಡಿ. ಜೂನ್‌ನಲ್ಲಿ ಎಳೆ ಬಳ್ಳಿಯ ಒಂದು ಗೆಣ್ಣು ಕತ್ತರಿಸಿ ಒದ್ದೆ ಮಣ್ಣಿನಲ್ಲಿ ಊರಿದರೆ ಬೇರು ಬರುತ್ತದೆ. ತಾಯಿ ಗಿಡಕ್ಕೆ ಏನೂ ಆಗುವುದಿಲ್ಲ.

ನೆಡುವುದು ಸುಲಭ. ಎರಡು ಇಂಚು ಆಳ, ಅಡ್ಡವಾಗಿ, ಕಣ್ಣು ಮೇಲೆ. ಬಿಸಿಲು, ನೀರು, ಹಬ್ಬಲು ಹದಿನೈದು ಇಪ್ಪತ್ತು ಅಡಿ ಎತ್ತರದ ಹಗ್ಗ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿಬಿಟ್ಟರೆ ತಾನೇ ಏರುತ್ತದೆ. ಮೊದಲ ವರ್ಷ ಹೆಚ್ಚೇನೂ ಸಿಗುವುದಿಲ್ಲ, ಪೂರ್ತಿ ಫಸಲಿಗೆ ಮೂರನೇ ವರ್ಷದವರೆಗೆ ಕಾಯಬೇಕು. ಮನೆಯಲ್ಲಿ ನಾಯಿ ಇದ್ದರೆ ಕೋನ್ ಆಗಲಿ, ಕುದಿಸಿದ ಚರಟವಾಗಲಿ ಅದರ ಬಾಯಿಗೆ ಸಿಗಬಾರದು. ಮೈ ಬಿಸಿಯೇರಿ ಸತ್ತೇ ಹೋಗಬಹುದು.

ಬಿಯರ್‌ಗೆ ಹಾಕುವಾಗ ಒಂದು ತೊಡಕಿದೆ. ಅಂಗಡಿಯ ಪ್ಯಾಕೆಟ್ ಮೇಲೆ ಆಲ್ಫಾ ಆಸಿಡ್ ಎಷ್ಟು ಅಂತ ಬರೆದಿರುತ್ತದೆ, ಕಹಿಯ ಲೆಕ್ಕ ಅದರಿಂದಲೇ. ಬೇಲಿಯ ಹಾಪ್ಸ್‌ಗೆ ಆ ಅಂಕಿ ಇಲ್ಲ. ನಾನು ಕಹಿಗೆ ಗೊತ್ತಿರುವ ತಳಿಯನ್ನೇ ಹಾಕುತ್ತೇನೆ, ಈ ಕೋನ್‌ಗಳನ್ನು ಕುದಿ ನಿಲ್ಲಿಸುವ ಹೊತ್ತಿಗೆ ಪರಿಮಳಕ್ಕೆ ಹಾಕುತ್ತೇನೆ. ಅಡುಗೆಮನೆ ಬಾಗಿಲಿನ ಆ ಬಳ್ಳಿಯಿಂದ ಮಾಡಿದ ಬಿಯರ್‌ಗೆ ಹುಲ್ಲು, ಸ್ವಲ್ಪ ಕರಿಮೆಣಸು, ತುದಿಯಲ್ಲಿ ನಿಂಬೆಯ ಸುಳಿವು. ಈಗಿನ ಮಾವು, ಪ್ಯಾಶನ್ ಫ್ರೂಟ್ ಘಮದ ಹಾಪ್ಸ್ ಮುಂದೆ ಇದು ಸಾದಾ. ನನಗೆ ಇದೇ ಇಷ್ಟ.

ಬೆಂಗಳೂರಿನ ಗೆಳೆಯರಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಮುಂದಿನ ಸಲ ಬರುವಾಗ ಸೂಟ್‌ಕೇಸಿನಲ್ಲಿ ಎರಡು ತುಂಡು ತಾ ಅಂತ ಕೇಳುತ್ತಿದ್ದೀರಿ. ತರುವುದಿಲ್ಲ. ಪರವಾನಗಿ, ರೋಗವಿಲ್ಲ ಎಂಬ ಪ್ರಮಾಣಪತ್ರ ಇಲ್ಲದೆ ಭಾರತಕ್ಕೆ ನೆಡುವ ಗಿಡ ತರುವಂತಿಲ್ಲ, ಆ ನಿಯಮ ಸರಿಯಾಗಿಯೇ ಇದೆ. ತಂದರೂ ಅಲ್ಲಿ ಚೆನ್ನಾಗಿ ಬರುವುದಿಲ್ಲ. ಹಾಪ್ಸ್‌ಗೆ ಚಳಿಗಾಲದ ನಿದ್ದೆ ಬೇಕು, ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು. ಇಲ್ಲಿ ಜೂನ್ ಹಗಲು 15 ಗಂಟೆ ದಾಟುತ್ತದೆ, ಬೆಂಗಳೂರಿನಲ್ಲಿ 13 ತುಂಬುವುದಿಲ್ಲ. ಭಾರತದಲ್ಲಿ ಹಾಪ್ಸ್ ಬೆಳೆಯುವುದು ಹಿಮಾಚಲದ ಲಾಹೌಲ್‌ನಂಥ ಕಡೆ. ಮೇಲಾಗಿ, ಅಮೆರಿಕದಲ್ಲಿ ಮನೆಯ ಬಿಯರ್‌ಗೆ 1978ರ ಕಾನೂನಿನ ಒಪ್ಪಿಗೆ ಇದೆ, ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ದೊಡ್ಡವರಿರುವ ಮನೆಗೆ 200ರ ಮಿತಿ, ಮಾರುವಂತಿಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿ ಕಾಯ್ದೆಯಡಿ ಅಪರಾಧ.

ಈ ಏಪ್ರಿಲ್‌ನಲ್ಲಿ ಮ್ಯಾಡಿಸನ್ ಕೌಂಟಿ ಕಡೆ ಹೋಗುತ್ತಿದ್ದೇನೆ, ಜಮೀನಿನವರ ಒಪ್ಪಿಗೆ ಸಿಕ್ಕಿದೆ. ಸಿರಕ್ಯೂಸ್, ಯೂಟಿಕಾ, ಆಲ್ಬನಿ ಸುತ್ತಮುತ್ತಲಿನವರು ಜೊತೆಗೆ ಬರಬಹುದು. ಕೈಗವಸು, ಉದ್ದ ಕಾಲುಚೀಲ, ಹೆಸರು ಬರೆಯಲು ನೀರಿಗೆ ಅಳಿಸದ ಪೆನ್ ತನ್ನಿ. ಬರಲಾಗದವರಿಗೆ ನನ್ನ ಕುಂಡದಲ್ಲಿ ಒಂದು ವರ್ಷ ರೋಗವಿಲ್ಲದೆ ಬೆಳೆದ ಗಿಡದಿಂದ ತುಂಡು ಕೊಡುತ್ತೇನೆ, ದುಡ್ಡು ಬೇಡ. ಅದರ ಜೊತೆ ಬರುವ ಚೀಟಿಯನ್ನು ಕಳೆಯಬಾರದು, ಮುಂದೆ ಯಾರಿಗಾದರೂ ಕೊಟ್ಟರೆ ಚೀಟಿಯನ್ನೂ ನಕಲು ಮಾಡಿ ಕೊಡಬೇಕು. ವಾಷಿಂಗ್ಟನ್, ಒರೆಗಾನ್, ಐಡಾಹೊದಲ್ಲಿರುವವರು ದಯವಿಟ್ಟು ಕೇಳಬೇಡಿ, ಅಲ್ಲಿಗೆ ಕಳಿಸುವುದಿಲ್ಲ.