ಮಲ್ಲಪ್ಪ ಉಳಿದ, ಅತ್ತಿಮಬ್ಬೆ ಎಲ್ಲಿ ಹೋದಳು?

ಗದಗಿನ ಸುತ್ತಲಿನ ಯಾವ ಸಂತೆಯಲ್ಲಾದರೂ ನಿಂತು ‘ಮಲ್ಲಪ್ಪಾ’ ಎಂದು ಗಟ್ಟಿಯಾಗಿ ಕೂಗಿ ನೋಡಿ, ನಾಲ್ಕು ಜನ ತಿರುಗುತ್ತಾರೆ. ಅದೇ ಜಾಗದಲ್ಲಿ ‘ಅತ್ತಿಮಬ್ಬೆ’ ಎಂದು ಕೂಗಿದರೆ ಯಾರೂ ಓಗೊಡುವುದಿಲ್ಲ. ಯಾರಾದರೂ ತಿರುಗಿದರೆ ಕೂಗಿದವರಿಗೆ ಏನಾಗಿದೆ ಎಂದು ನೋಡಲು ಅಷ್ಟೆ. ಸಾವಿರ ವರ್ಷದ ಹಿಂದೆ ಈ ಎರಡು ಹೆಸರೂ ಒಂದೇ ಮನೆಯಲ್ಲಿದ್ದವು. ಕವಿ ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆಯ ಅಪ್ಪನ ಹೆಸರು ಮಲ್ಲಪಯ್ಯ. ಅಪ್ಪನ ಹೆಸರು ಇಂದಿಗೂ ಕಿರಾಣಿ ಅಂಗಡಿಯ ಬೋರ್ಡಿನ ಮೇಲೆ, ಟ್ರ್ಯಾಕ್ಟರಿನ ಹಿಂದೆ, ಮತದಾರರ ಪಟ್ಟಿಯ ಪುಟಪುಟದಲ್ಲಿ ಇದೆ. ಮಗಳ ಹೆಸರನ್ನು ರಾಜ್ಯ ಸರ್ಕಾರ ಒಂದು ಪ್ರಶಸ್ತಿಗೆ ಇಟ್ಟಿದೆ. ಯಾವ ತೊಟ್ಟಿಲಲ್ಲೂ ಅದು ಇಲ್ಲ.

ಇದನ್ನು ಬರೆಯಲು ಕಾರಣ ನನ್ನ ತಂಗಿಯ ಮಗಳು. ನಾಮಕರಣಕ್ಕೆ ಮೊದಲು ಎರಡೂ ಕಡೆಯವರು ಕೂತು ಹೆಸರು ಹುಡುಕುತ್ತಿದ್ದರು. ಎಲ್ಲರಿಗೂ ಇದ್ದದ್ದು ಒಂದೇ ಷರತ್ತು: ಬೇರೆ ಯಾರಿಗೂ ಇಲ್ಲದ ಹೆಸರು ಆಗಬೇಕು. ಮೊಬೈಲಿನಲ್ಲಿ ಪಟ್ಟಿಯ ಮೇಲೆ ಪಟ್ಟಿ ತೆರೆದುಕೊಳ್ಳುತ್ತಿತ್ತು. ಆದ್ಯಾ, ಅನ್ವಿ, ಸಾನ್ವಿ, ಶಾನ್ವಿ. ಹೆಚ್ಚಿನವುಗಳ ಮುಂದೆ ‘ಅರ್ಥ: ಲಕ್ಷ್ಮಿ’ ಎಂದು ಬರೆದಿರುತ್ತದೆ; ಪಟ್ಟಿ ಮಾಡುವವರಿಗೆ ಅರ್ಥ ಗೊತ್ತಿಲ್ಲದಾಗಲೆಲ್ಲ ಲಕ್ಷ್ಮಿಯೇ ಕೈ ಹಿಡಿಯುತ್ತಾಳೆ ಎಂಬುದು ನನ್ನ ಗುಮಾನಿ. ನಾನು ‘ಅತ್ತಿಮಬ್ಬೆ’ ಎಂದೆ. ತಂಗಿಯ ಗಂಡ ನಕ್ಕು, “ಅತ್ತಿಗೆ ಅಂತ ಕರೆದ ಹಾಗೆ ಕೇಳಿಸುತ್ತದೆ” ಎಂದರು. ಅದು ಹೋಗಲಿ. ಅವರ ತಾಯಿ ಹೇಳಿದ ಮಾತು ಮಾತ್ರ ನನ್ನನ್ನು ಹಿಡಿದು ಕೂರಿಸಿತು. “ಅಷ್ಟು ದೊಡ್ಡವರ ಹೆಸರು ಇಟ್ಟರೆ ಮಗುವಿಗೆ ಬೈಯುವುದು ಹೇಗೆ?”

ಈ ಪ್ರಶ್ನೆ ರನ್ನನಿಗೆ ಎದುರಾಗಲಿಲ್ಲ ನೋಡಿ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿಗೆ ಮೊದಲು ಆಸರೆಯಾದವನು ಗಂಗರ ಮಂತ್ರಿ ಚಾವುಂಡರಾಯ, ಆಮೇಲೆ ಅತ್ತಿಮಬ್ಬೆ. ಆಕೆಗಾಗಿಯೇ ಅವನು 993ರಲ್ಲಿ ‘ಅಜಿತಪುರಾಣ’ ಬರೆದ. ಕಾವ್ಯದಲ್ಲಿ ಆಕೆಯ ನಡತೆಯನ್ನು ಬಿಳಿಯ ಅರಳೆಗೆ, ಗಂಗೆಯ ನೀರಿಗೆ, ಜೈನರ ಪುಣ್ಯಕ್ಷೇತ್ರವಾದ ಕೊಪಣದ (ಇಂದಿನ ಕೊಪ್ಪಳ) ಬೆಟ್ಟಕ್ಕೆ ಹೋಲಿಸಿದ. ಆಶ್ರಯ ಕೊಟ್ಟವರನ್ನು ಕವಿಗಳು ಹೊಗಳುವುದು ಹೊಸದಲ್ಲ, ಅದು ಅವರ ಕಸುಬು. ಆದರೆ ರನ್ನ ಅಲ್ಲಿಗೆ ನಿಲ್ಲಲಿಲ್ಲ. ಮಗ ಹುಟ್ಟಿದಾಗ ರಾಯ ಎಂದು, ಮಗಳು ಹುಟ್ಟಿದಾಗ ಅತ್ತಿಮಬ್ಬೆ ಎಂದು ಹೆಸರಿಟ್ಟ. ಇಬ್ಬರು ಪೋಷಕರ ಋಣ, ಎರಡು ತೊಟ್ಟಿಲು. ಹೆಸರಿಗೆ ಮೂಲವಾದ ಆ ಮಹಾ ಸಾಧ್ವಿ ಇನ್ನೂ ಬದುಕಿದ್ದಾಗಲೇ ಆ ಪುಟ್ಟ ಅತ್ತಿಮಬ್ಬೆ ಹಾಲು ಚೆಲ್ಲಿ ಬೈಸಿಕೊಂಡಿರಬೇಕು, ಮೂಗು ಸುರಿಸಿಕೊಂಡು ಅಂಗಳದಲ್ಲಿ ಓಡಾಡಿರಬೇಕು. ಯಾರಿಗೂ ಅದು ಅಪಚಾರ ಎನಿಸಿದಂತಿಲ್ಲ.

ದೊಡ್ಡ ಅತ್ತಿಮಬ್ಬೆ ಸಣ್ಣ ಕೆಲಸ ಮಾಡಿದವಳಲ್ಲ ಎಂಬುದೂ ನಿಜ. ಪೊನ್ನನ ಕೈಯಲ್ಲಿ ‘ಶಾಂತಿಪುರಾಣ’ ಬರೆಸಿದವರು ಆಕೆಯ ಅಪ್ಪ ಮಲ್ಲಪಯ್ಯ ಮತ್ತು ಅವನ ಸೋದರ ಪುನ್ನಮಯ್ಯ. ಆ ಕಾವ್ಯ ಕಳೆದುಹೋಗಬಾರದೆಂದು ಮಗಳು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚುಯಂತ್ರ ಇಲ್ಲದ ಕಾಲದ ಸಾವಿರ ಪ್ರತಿ. ಪ್ರತಿಯೊಂದಕ್ಕೂ ತಾಳೆಗರಿ ಹದ ಮಾಡಬೇಕು, ಕಂಟ ಎಂಬ ಕಬ್ಬಿಣದ ಲೇಖನಿಯಿಂದ ಒಂದೊಂದೇ ಅಕ್ಷರ ಕೊರೆಯಬೇಕು, ಮಸಿ ಹಚ್ಚಿ ಒರೆಸಬೇಕು, ತೂತು ಕೊರೆದು ದಾರ ಪೋಣಿಸಬೇಕು, ಮೇಲೊಂದು ಕೆಳಗೊಂದು ಮರದ ಪಟ್ಟಿಕೆ ಇಟ್ಟು ಕಟ್ಟಬೇಕು. ಎಷ್ಟು ಲಿಪಿಕಾರರು ಎಷ್ಟು ಕಾಲ ಬೆನ್ನು ಬಗ್ಗಿಸಿದರೋ! ಸಾವಿರ ಪ್ರತಿ ಎಂದರೆ ಇಂದಿನ ಕನ್ನಡ ಕವನ ಸಂಕಲನಗಳಿಗೇ ಕನಸಿನ ಮಾತು. ಇದರ ಜೊತೆಗೆ 1500 ಜಿನಬಿಂಬಗಳನ್ನು ಮಾಡಿಸಿದಳು. ಲಕ್ಕುಂಡಿಯ ಬ್ರಹ್ಮ ಜಿನಾಲಯ ಆಕೆ ಕಟ್ಟಿಸಿದ್ದು; ಅಲ್ಲಿಯ 1007ರ ಶಾಸನದಲ್ಲಿ ಆಕೆಯ ಹೆಸರಿದೆ. ‘ದಾನಚಿಂತಾಮಣಿ’ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ.

ಹಾಗೆಂದು ಆ ಹೆಸರು ಆಗ ಅಪರೂಪದ್ದೇನೂ ಆಗಿರಲಿಲ್ಲ, ಆ ಕಾಲದ ಚಾಲ್ತಿಯ ಹೆಸರುಗಳದೇ ಎರಕದ್ದು. ಅಬ್ಬೆ ಎಂದರೆ ತಾಯಿ. ಕರಾವಳಿಯ ಹವ್ಯಕರ ಮನೆಗಳಲ್ಲಿ ಇಂದಿಗೂ ಮಕ್ಕಳು ಅಮ್ಮನನ್ನು ಹಾಗೆಯೇ ಕರೆಯುತ್ತಾರೆ. ಗಂಡು ಹೆಸರಿನ ಕೊನೆಗೆ ಅಯ್ಯ, ಅಪ್ಪ ಬರುವಂತೆ ಹೆಣ್ಣು ಹೆಸರಿನ ಕೊನೆಗೆ ಅಬ್ಬೆ ಬರುತ್ತಿತ್ತು. ಪಂಪನ ತಾಯಿ ಅಣ್ಣಿಗೇರಿಯ ಕಡೆಯ ಅಬ್ಬಣಬ್ಬೆ. ಪಂಪನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಅದನ್ನು ಬರೆಸದೇ ಹೋಗಿದ್ದರೆ ಆದಿಕವಿಯ ಅಮ್ಮನ ಹೆಸರು ನಮಗೆ ತಿಳಿಯುತ್ತಿರಲಿಲ್ಲ. ರನ್ನನ ತಾಯಿ ಅಬ್ಬಲಬ್ಬೆ. ಗಂಡ ಸತ್ತ ಮೇಲೆ ನಾಗರಖಂಡದ ಆಡಳಿತವನ್ನು ನಾಳ್ಗಾವುಂಡಿಯಾಗಿ, ಅಂದರೆ ನಾಡಿನ ಮುಖ್ಯಸ್ಥೆಯಾಗಿ ನಡೆಸಿ, ಬಂದಳಿಕೆಯಲ್ಲಿ ಸಲ್ಲೇಖನ, ಅಂದರೆ ಸಾಯುವವರೆಗಿನ ಉಪವಾಸದ ವ್ರತ, ತೆಗೆದುಕೊಂಡವಳು ಜಕ್ಕಿಯಬ್ಬೆ. ಶ್ರವಣಬೆಳಗೊಳದ ವೀರಗಲ್ಲಿನಲ್ಲಿ ಕುದುರೆಯ ಮೇಲೆ ಕೂತು, ಕತ್ತಿ ಎತ್ತಿ, ಆನೆಯ ಮೇಲಿನವನ ಎದುರು ನಿಂತವಳು ಸಾವಿಯಬ್ಬೆ. 1057ರ ಬೆಳತೂರು ಶಾಸನ, ಗಂಡನಿಗೆ ರಾಜ ಮರಣದಂಡನೆ ಕೊಟ್ಟನೆಂದು ತಿಳಿದು ಬೆಂಕಿಗೆ ಹಾರಿದ ದೇಕಬ್ಬೆಯದು. ಆಡಳಿತ ನಡೆಸಿದವಳು, ಕತ್ತಿ ಹಿಡಿದವಳು, ಬೆಂಕಿ ಹೊಕ್ಕವಳು, ಕವಿಯ ಅಮ್ಮ, ಎಲ್ಲರೂ ಅಬ್ಬೆಯರೇ.

ಈ ಅಬ್ಬೆಯ ಗೀಳು ಇಳಿಯತೊಡಗಿದ್ದನ್ನು ಹೊಯ್ಸಳರ ಕಾಲದ ಒಂದೆರಡು ಮನೆಗಳಲ್ಲಿ ಕಣ್ಣಾರೆ ಕಾಣಬಹುದು. ವಿಷ್ಣುವರ್ಧನನ ರಾಣಿ ಶಾಂತಲೆಯ ತಾಯಿಯ ಹೆಸರು ಮಾಚಿಕಬ್ಬೆ. ಮಗಳಿಗೆ ಅಬ್ಬೆ ಬೇಡವಾಯಿತು. ಅದೇ ಅರಸನ ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಕಲೆ. ಅತ್ತೆ ಹಳೆಯ ಕಾಲ, ಸೊಸೆ ಹೊಸ ಕಾಲ. 12ನೇ ಶತಮಾನದಲ್ಲೂ ‘ಇದೇನು ಅಜ್ಜಿಯರ ಹೆಸರು’ ಎಂದು ಮೂಗು ಮುರಿದ ಎಳೆಯ ತಾಯಂದಿರು ಇದ್ದರು ಎಂದುಕೊಂಡರೆ ನನಗೆ ಸ್ವಲ್ಪ ಸಮಾಧಾನವಾಗುತ್ತದೆ. ನನ್ನ ತಂಗಿ ಹೊಸದೇನನ್ನೂ ಮಾಡಿಲ್ಲ.

ಅಬ್ಬೆ ಪೂರ್ತಿ ಸಾಯಲೂ ಇಲ್ಲ. ಅದೇ ಕಾಲದ ಶರಣೆಯರನ್ನು ನೋಡಿ: ಕಾಳವ್ವೆ, ಗೊಗ್ಗವ್ವೆ, ಕದಿರ ರೆಮ್ಮವ್ವೆ, ಸೂಳೆ ಸಂಕವ್ವೆ. ಅಬ್ಬೆ ಇದ್ದಲ್ಲಿ ಅವ್ವೆ ಬಂತು, ಆ ಅವ್ವೆಯೇ ನಮ್ಮ ಉತ್ತರ ಕರ್ನಾಟಕದ ಅವ್ವ. ಗಂಗವ್ವ, ಬಸವ್ವ, ಯಲ್ಲವ್ವ, ನೀಲವ್ವ. ನಮ್ಮ ಅಜ್ಜಿ ಗಂಗವ್ವ. ರೇಷನ್ ಕಾರ್ಡಿನಲ್ಲಿ ಯಾರೋ ಗಂಗಮ್ಮ ಎಂದು ಬರೆದರು, ಪಿಂಚಣಿಯ ಕಾಗದದಲ್ಲಿ ಇನ್ನಾರೋ ಗಂಗಾಬಾಯಿ ಎಂದು ಬರೆದರು. ಮೂವರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಲು ನಮ್ಮ ಅಪ್ಪ ಕಚೇರಿಗೆ ಅಲೆದರು. ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಅವ್ವ ಎನ್ನುವುದು ಹಳ್ಳಿಯದು, ಕಾಗದಕ್ಕೆ ತಕ್ಕುದಲ್ಲ ಎಂದು ಅವರೇ ತಿದ್ದಿ ಉಪಕಾರ ಮಾಡಿದ್ದರು. ಅಜ್ಜಿಗೆ ಮಾತ್ರ ಕೊನೆಯವರೆಗೂ ಗಂಗಾಬಾಯಿ ಯಾರೋ ಪರಸ್ಥಳದವಳು.

ಈಗ ಬೀಗರ ಪ್ರಶ್ನೆಗೆ ಬರುತ್ತೇನೆ. ದೊಡ್ಡವರ ಹೆಸರು ಎಂಬ ಅಳುಕೇ ಅತ್ತಿಮಬ್ಬೆಯನ್ನು ಮನೆಯಿಂದ ಹೊರಗಿಟ್ಟಿತೇ? ಹಾಗಿದ್ದರೆ ಬಸವಣ್ಣನಿಗಿಂತ ದೊಡ್ಡವರು ಯಾರು? ಬಸವರಾಜ, ಬಸಪ್ಪ, ಬಸವ್ವ ಇಲ್ಲದ ಓಣಿ ನಮ್ಮ ಕಡೆ ಇಲ್ಲ, ದಿನಕ್ಕೆ ಹತ್ತು ಸಲ ಬೈಸಿಕೊಳ್ಳುವ ಬಸ್ಯಾಗಳೂ ಬೇಕಾದಷ್ಟು. ಕೆಳದಿಯಲ್ಲಿ ಚೆನ್ನಮ್ಮ ಆಳಿದಳು, 1824ರಲ್ಲಿ ಕಿತ್ತೂರಿನ ಚೆನ್ನಮ್ಮ ಇಂಗ್ಲಿಷರ ಎದುರು ನಿಂತಳು. ಅದರಿಂದ ಚೆನ್ನಮ್ಮ ಎಂಬ ಹೆಸರು ಮಡಿಯಾಗಲಿಲ್ಲ, ಹಾಲು ಹಾಕುವ ಚೆನ್ನಮ್ಮ, ಹತ್ತಿ ಬಿಡಿಸುವ ಚೆನ್ನಮ್ಮ ಇದ್ದೇ ಇದ್ದರು. ಅಂದರೆ ಗೌರವದಿಂದ ಹೆಸರು ಸಾಯುವುದಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ದಾಟುವುದು ಒಮ್ಮೆ ನಿಂತರೆ ಸಾಯುತ್ತದೆ. ಬಸವ, ಚೆನ್ನಮ್ಮರ ವಿಷಯದಲ್ಲಿ ಆ ದಾಟು ನಿಲ್ಲಲಿಲ್ಲ. ಅಬ್ಬೆಯರ ವಿಷಯದಲ್ಲಿ ನಿಂತಿತು. ಮಲ್ಲಪಯ್ಯ ಮಲ್ಲಪ್ಪನಾಗಿ ದಾಟಿಕೊಂಡ. ಗಂಡಿನ ಹೆಸರು ಮನೆತನದ ಜೊತೆ, ಹೊಲದ ಜೊತೆ ಸಾಗುತ್ತದೆ, ಮೊಮ್ಮಗನಿಗೆ ಅಜ್ಜನ ಹೆಸರು ಇಡದಿದ್ದರೆ ಹಿರಿಯರು ಬಿಡುವುದಿಲ್ಲ. ಹೆಣ್ಣಿನ ಹೆಸರಿಗೆ ಅಷ್ಟು ಹಟ ಮಾಡಿದವರು ಕಡಿಮೆ. ನಡುವೆ ತುಂಡಾದ ಹೆಸರು ಶತಮಾನಗಳ ನಂತರ ಶಾಸನದಿಂದ, ಓಲೆಗರಿಯಿಂದ, ಪಠ್ಯಪುಸ್ತಕದಿಂದ ಮತ್ತೆ ನಮಗೆ ಸಿಕ್ಕಿತು. ಆಗ ಅದರ ಜೊತೆ ಇದ್ದವಳು ಒಬ್ಬಳೇ, ಆ ದಾನಚಿಂತಾಮಣಿ. ಉಳಿದ ಸಾಮಾನ್ಯ ಅತ್ತಿಮಬ್ಬೆಯರು, ರನ್ನನ ಮಗಳೂ ಸೇರಿ, ಮರೆತುಹೋಗಿದ್ದರು. ಹೀಗೆ ಒಬ್ಬಳದೇ ಆದ ಹೆಸರನ್ನು ಇಡಲು ಯಾರಿಗಾದರೂ ಅಳುಕಾಗುತ್ತದೆ.

ಉಳ್ಳಾಲದ ಅಬ್ಬಕ್ಕನಿಗೂ ಇದೇ ಗತಿ. ಪೋರ್ಚುಗೀಸರನ್ನು ಕಾಡಿದ ಆ ರಾಣಿಯ ಹೆಸರನ್ನು ಕರಾವಳಿ ಕಾವಲು ಪಡೆಯವರು 2012ರಲ್ಲಿ ಒಂದು ಹಡಗಿಗೆ ಇಟ್ಟರು. ಒಳ್ಳೆಯದೇ. ಆದರೆ ಹಡಗಿಗೆ, ಸಭಾಂಗಣಕ್ಕೆ, ವಸತಿನಿಲಯಕ್ಕೆ ಇಡಬಹುದಾದ ಹೆಸರನ್ನು ಮಗುವಿಗೆ ಇಡಲು ಮಾತ್ರ ನಾವು ಹಿಂಜರಿಯುತ್ತೇವೆ. ವೇದಿಕೆಯ ಮೇಲೆ ಕನ್ನಡದ ಹೆಣ್ಣುಮಕ್ಕಳ ಪರಂಪರೆ ಎಂದು ಗಂಟಲು ಹರಿದುಕೊಳ್ಳುವವರ ಮೊಮ್ಮಕ್ಕಳ ಹೆಸರು ಕೇಳಿ ನೋಡಿ.

ಅತ್ತಿಮಬ್ಬೆಗೆ ಗುಂಡಮಬ್ಬೆ ಎಂಬ ತಂಗಿಯೊಬ್ಬಳಿದ್ದಳು. ಇಬ್ಬರನ್ನೂ ಚಾಲುಕ್ಯರ ಮಂತ್ರಿ ದಲ್ಲಪನ ಮಗ ನಾಗದೇವನಿಗೇ ಕೊಟ್ಟಿದ್ದರು. ಯುದ್ಧದಲ್ಲಿ ನಾಗದೇವ ಸತ್ತಾಗ ತಂಗಿ ಚಿತೆ ಏರಿದಳು, ಅಕ್ಕ ಮಗ ಅಣ್ಣಿಗದೇವನನ್ನು ಬೆಳೆಸಲು ಉಳಿದಳು. ಆ ಕಾಲದಲ್ಲಿ ಯಾವುದಕ್ಕೆ ಹೆಚ್ಚು ಹೊಗಳಿಕೆ ಸಿಗುತ್ತಿತ್ತು ಎಂಬುದನ್ನು ಸತಿ ಹೋದವರ ನೆನಪಿಗೆ ನೆಟ್ಟ ಮಾಸ್ತಿಕಲ್ಲುಗಳೇ ಹೇಳುತ್ತವೆ. ಆದರೂ ಸಾವಿರ ಪ್ರತಿ, ಬಸದಿ, ‘ಅಜಿತಪುರಾಣ’ ಎಲ್ಲ ಬಂದದ್ದು ಉಳಿದವಳಿಂದ. ಮಗಳಿಗೆ ಹೆಸರಿಡುವಾಗ ಕಥೆಯೂ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಕಥೆ ಯಾವ ಪಟ್ಟಿಯಲ್ಲಿ ಸಿಗುತ್ತದೆ, ಹೇಳಿ.

ಉದ್ದವಾಯಿತು ಎನ್ನುತ್ತೀರಾ? ಅತ್ತಿಮಬ್ಬೆಗೆ ನಾಲ್ಕೇ ಅಕ್ಷರ. ರಾಜೇಶ್ವರಿಗೂ ನಾಲ್ಕು, ವಿಜಯಲಕ್ಷ್ಮಿಗೆ ಐದು. ಕರೆಯಲು ಬಾಯಿ ತಿರುಗುವುದಿಲ್ಲವೇ? ಒತ್ತಕ್ಷರವಿಲ್ಲದ ಕನ್ನಡ ಹೆಸರು ಎಷ್ಟಿವೆ? ಮನೆಯಲ್ಲಿ ಅತ್ತಿ ಎಂದು ಕರೆಯಿರಿ, ಹಣ್ಣೂ ಆಯಿತು, ಮರವೂ ಆಯಿತು. ಜೈನರ ಹೆಸರಲ್ಲವೇ ಎಂದು ಒಬ್ಬರು ನನಗೆ ಮೆಲ್ಲಗೆ ಹೇಳಿದರು. ಆದಿನಾಥ, ಶಾಂತಲಾ ಎಂದು ಹೆಸರಿಡುವಾಗ ಯಾರೂ ಜಾತಿ ಕೇಳಿದ್ದನ್ನು ನಾನು ಕಂಡಿಲ್ಲ.

ತೊಟ್ಟಿಲ ದಿನ ಮಗುವಿನ ಸೋದರತ್ತೆ ಬಗ್ಗಿ ಕಿವಿಯಲ್ಲಿ ‘ಕುರ್‍ರ್’ ಎಂದಳು. ಹಿಂದೆ ನಿಂತಿದ್ದ ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ನಾನೂ ಒಂದು ಗುದ್ದು ಸ್ವಲ್ಪ ಜೋರಾಗಿಯೇ ಹಾಕಿದೆ, ಏಕೆಂದರೆ ಕಿವಿಯಲ್ಲಿ ಹೇಳಿದ ಹೆಸರು ಸಾನ್ವಿ. ಈಗ ಮಗು ಶಾಲೆಗೆ ಹೋಗುತ್ತಿದೆ. ತರಗತಿಯಲ್ಲಿ ಇನ್ನಿಬ್ಬರು ಸಾನ್ವಿಯರಿದ್ದಾರೆ, ಟೀಚರ್ ಇನಿಷಿಯಲ್ ಹಚ್ಚಿ ಕರೆಯುತ್ತಾರೆ. ತಂಗಿ ಈಗ ಎರಡನೆಯ ಬಸಿರಿ. ಹೆಣ್ಣಾದರೆ ಏನು ಎಂದು ನಾನು ಇನ್ನೂ ಬಾಯಿ ಬಿಟ್ಟಿಲ್ಲ. ಆದರೆ ಸಾವಿಯಬ್ಬೆ ಎನ್ನುವುದರಲ್ಲಿ ಸಾನ್ವಿಯ ಹೊಂದಾಣಿಕೆಯೂ ಇದೆ, ಕೈಯಲ್ಲಿ ಕತ್ತಿಯೂ ಇದೆ. ಬೀಗರ ಎದುರು ಅದನ್ನೇ ಇಡುವುದು ಎಂದುಕೊಂಡಿದ್ದೇನೆ.