ಎರಡನೇ ರೈಫಲ್ ದೊಡ್ಡದೇ ಆಗಬೇಕಾ?

ನಾನಿರುವ ಸ್ವೀಡನ್‌ನಲ್ಲಿ ಬೇಟೆಗಾರರ ಮನೆಯಲ್ಲಿ 6.5×55 ಅಳತೆಯ ರೈಫಲ್ ಇರುವುದು ತೀರಾ ಸಾಮಾನ್ಯ. 1894ರಲ್ಲಿ ಇಲ್ಲಿನ ಸೇನೆಗೆ ಅಂತ ಬಂದ ತೋಟಾ ಅದು, ಇವತ್ತಿಗೂ ಮೂಸ್ ಅನ್ನುವ ಭಾರೀ ಜಿಂಕೆ ಹೊಡೆಯಲು ಅದನ್ನೇ ನಂಬುವವರಿದ್ದಾರೆ. ನನ್ನ ಹತ್ತಿರ ಇರುವುದೂ ಅದೇ. ಈಗ ಎರಡನೆಯದರ ಯೋಚನೆ ಶುರುವಾಗಿದೆ. ಮಧುಗಿರಿ ಕಡೆ ಊರಲ್ಲಿರುವ ಚಿಕ್ಕಪ್ಪನ ಮಗನಿಗೂ ಇದೇ ಯೋಚನೆ. ಬೆಳೆ ಕಾಯಲು ತೆಗೆದುಕೊಂಡ ಒಂಟಿ ನಳಿಗೆಯ ಹನ್ನೆರಡು ಬೋರ್ ಬಂದೂಕು ಅವನ ಹತ್ತಿರ ಇದೆ. ಜೊತೆಗೆ .315 ಅಳತೆಯ ಒಂದು ರೈಫಲ್ ಬೇಕಂತೆ. "ಸಣ್ಣದು ತಗೊಂಡು ಏನ್ ಮಾಡ್ತೀಯಣ್ಣ, ಹಂದಿ ನಿಂತಲ್ಲೇ ಬೀಳಬೇಕು ಅಂದ್ರೆ ದೊಡ್ಡದೇ ಬೇಕು" ಅನ್ನುತ್ತಾನೆ.

ನಾನು ಇದನ್ನು ಒಪ್ಪುವುದಿಲ್ಲ. ಮೊದಲನೆಯದರ ಕೈಲಿ ಆಗದ ಕೆಲಸ ಯಾವುದು ಅಂತ ನೋಡಿ ಎರಡನೆಯದನ್ನು ಆರಿಸಬೇಕು. ಯಾವ ನೆಲದಲ್ಲಿ ನಿಂತು ಹೊಡೆಯುತ್ತೇವೆ ಅನ್ನುವುದನ್ನೂ ನೋಡಬೇಕು.

ಇಲ್ಲಿನ ಕಾನೂನೇ ಈ ಲೆಕ್ಕವನ್ನು ಕಲಿಸುತ್ತದೆ. ಬೇಟೆಯ ಪರೀಕ್ಷೆ ಪಾಸಾಗಬೇಕು, ಆಮೇಲೆ ಒಂದೊಂದು ಬಂದೂಕಿಗೂ ಬೇರೆ ಲೈಸೆನ್ಸ್. ಯಾವ ಪ್ರಾಣಿಗೆ ಎಂಥ ಗುಂಡು ಅನ್ನುವುದೂ ಬರೆದಿಟ್ಟಿದೆ. ಮೂಸ್, ಕಾಡುಹಂದಿಗೆ ಒಂಬತ್ತು ಗ್ರಾಂ ಗುಂಡಾದರೆ ನೂರು ಮೀಟರ್ ದೂರದಲ್ಲೂ ಅದರಲ್ಲಿ 2,700 ಜೌಲ್ ಶಕ್ತಿ ಉಳಿದಿರಬೇಕು. ಹತ್ತು ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ತೂಕದ್ದಾದರೆ 2,000 ಜೌಲ್ ಸಾಕು. ಇಲ್ಲಿನ ಚಿಕ್ಕ ಜಿಂಕೆಗೆ 3.2 ಗ್ರಾಂ, 800 ಜೌಲ್ ಇದ್ದರೆ ಆಯಿತು. ನನ್ನ 6.5ಕ್ಕೆ 10.1 ಗ್ರಾಂ ಗುಂಡು ಹಾಕಿದರೆ ದೊಡ್ಡ ಪ್ರಾಣಿಗಳ ಲೆಕ್ಕ ಅಲ್ಲಿಗೆ ಮುಗಿಯಿತು.

ಹಾಗಾದರೆ ಇದಕ್ಕಿಂತ ದಪ್ಪ ಗುಂಡಿನ .308 ಯಾಕೆ? ತುಂಬ ಜನ ಅದನ್ನೇ ಹೇಳುತ್ತಾರೆ. 1952ರಿಂದ ಇರುವ ಒಳ್ಳೆಯ ತೋಟಾ, ಎಲ್ಲ ಕಡೆ ಸಿಗುತ್ತದೆ. ಒಂದೇ ರೈಫಲ್ ಇಟ್ಟುಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ. ಆದರೆ 6.5 ಇರುವವರಿಗೆ ಅದು ಇರುವ ಕೆಲಸವನ್ನೇ ಇನ್ನೊಂದು ಸಲ ಮಾಡುತ್ತದೆ ಅಷ್ಟೇ. ಇನ್ನು ಅದಕ್ಕೂ ದಪ್ಪ ಗುಂಡಿನ 9.3×62 ಇದೆ. 1905ರಲ್ಲಿ ಬರ್ಲಿನ್‌ನ ಒಟ್ಟೊ ಬಾಕ್ ಮಾಡಿದ್ದು. ಗುಂಡು ಹದಿನೆಂಟೂವರೆ ಗ್ರಾಂ, ಅದಕ್ಕಿಂತ ಜಾಸ್ತಿಯೂ ಬರುತ್ತದೆ. ದಟ್ಟ ಕಾಡಲ್ಲಿ ಹತ್ತಿರದಿಂದ ಹಂದಿ ಹೊಡೆಯುವವರಿಗೆ ಅದು ಪ್ರಾಣ. ಆದರೆ ಭುಜಕ್ಕೆ ಬೀಳುವ ಒದೆತಕ್ಕೆ ಹೆದರಿ ಕುದುರೆ (ಟ್ರಿಗರ್) ಎಳೆಯುವಾಗಲೇ ಕಣ್ಣು ಮುಚ್ಚುವವರನ್ನು ನೋಡಿದ್ದೇನೆ. ಅಂಥವರ ಕೈಲಿ ದೊಡ್ಡ ಗುಂಡು ದೊಡ್ಡ ಗಾಯ ಮಾಡುತ್ತದೆ, ಪ್ರಾಣಿ ನರಳುತ್ತಾ ಓಡುತ್ತದೆ.

ನನ್ನ ಆಯ್ಕೆ ಸಣ್ಣ ಗುಂಡಿನ .223. ಗುಂಡು ಮೂರೂವರೆ ಗ್ರಾಂ ಆಸುಪಾಸು. ಚಿಕ್ಕ ಜಿಂಕೆಗೆ, ನರಿಗೆ ಸಾಕು. ಒದೆತ ಇಲ್ಲವೇ ಇಲ್ಲ ಅನ್ನಬಹುದು. ತೋಟಾ ಅಗ್ಗ, ಹಾಗಾಗಿ ಬೇಸಿಗೆ ಪೂರ್ತಿ ಅಭ್ಯಾಸ ಮಾಡಬಹುದು. ಇನ್ನೊಂದು ಅನುಕೂಲ ಕೈಗೆ ಗೊತ್ತಾಗುವಂಥದ್ದು. 6.5ರ ತೋಟಾ ಎಂಟು ಸೆಂಟಿಮೀಟರ್ ಉದ್ದ, .223ರದ್ದು ಆರಕ್ಕೂ ಕಡಿಮೆ, ದಪ್ಪವೂ ಕಡಿಮೆ. ಮುಸ್ಸಂಜೆಯಲ್ಲಿ ಜೇಬಿಗೆ ಕೈ ಹಾಕಿದರೆ ಯಾವುದು ಅಂತ ಬೆರಳಿಗೇ ತಿಳಿಯುತ್ತದೆ. .308 ಜೊತೆಗಿದ್ದರೆ ಅಷ್ಟು ಸಲೀಸಲ್ಲ. ತಪ್ಪು ತೋಟಾ ತಪ್ಪು ನಳಿಗೆಗೆ ಹೋಗುವುದು ಹುಡುಗಾಟದ ಮಾತಲ್ಲ.

ಊರಿನ ಲೆಕ್ಕ ಬೇರೆ. ಹಂದಿ ಮಾತ್ರ ಅದೇ ಹಂದಿ. ಇಲ್ಲಿ ಗೋಧಿ ಹೊಲ ಉತ್ತುಹಾಕುತ್ತದೆ, ಅಲ್ಲಿ ಕಡಲೆಕಾಯಿ. ನಮ್ಮವರು ಹೊಲದ ಸುತ್ತ ಹಳೇ ಸೀರೆ ಕಟ್ಟಿ, ಡಬ್ಬ ಬಡಿದು, ಪಟಾಕಿ ಹಚ್ಚಿ, ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂರುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಬೆಳಗಾಗುವಷ್ಟರಲ್ಲಿ ಬಿತ್ತಿದ ಸಾಲುಗಳೇ ಇಲ್ಲ ಅಂದರೆ ಯಾರಿಗೆ ತಡೆಯುತ್ತೆ ಹೇಳಿ. ಆದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಅಲ್ಲಿ ಬೇಟೆ ಅನ್ನುವುದೇ ಇಲ್ಲ. ಬೆಳೆ ಹಾಳು ಮಾಡುವ ಹಂದಿ ಹೊಡೆಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಮೇಲಾಗಿ 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು. ಅಲ್ಲಿ ಎರಡನೆಯದು ಅಂದರೆ ಕೊನೆಯದು.

ಆ ಕೊನೆಯದನ್ನು .315ಕ್ಕೆ ಖರ್ಚು ಮಾಡುವುದು ಸರಿ ಅನಿಸುವುದಿಲ್ಲ. ಗುರಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಇಲ್ಲಿ ಗುಂಡು ಮಣ್ಣಿಗೇ ಇಳಿಯುವ ಹಾಗೆ ಎತ್ತರದಿಂದ ಕೆಳಕ್ಕೆ ಹೊಡೆಯುತ್ತಾರೆ, ಹಿಂದೆ ಏನಿದೆ ಅಂತ ನೋಡದೆ ಕುದುರೆ ಮುಟ್ಟುವುದಿಲ್ಲ. ಮಧುಗಿರಿಯ ಬಯಲಲ್ಲಿ ಪಕ್ಕದ ಹೊಲದಲ್ಲೂ ಒಬ್ಬರು ಕಾವಲಿಗೆ ಮಲಗಿರುತ್ತಾರೆ. ಬೆಟ್ಟದ ಕಡೆ ಕರಡಿ ಇದೆ, ಮೈದನಹಳ್ಳಿ ಕಡೆ ಕೃಷ್ಣಮೃಗ ಇದೆ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಮೊದಲು ಕಾಣುವುದು ಬರೀ ಕಣ್ಣು.

ಅಟ್ಟಣೆ ಕೆಳಗೆ ಹಂದಿ ಬರುವುದು ಇಪ್ಪತ್ತು ಮೂವತ್ತು ಮೀಟರ್ ಹತ್ತಿರಕ್ಕೆ. ಅನುಮತಿ ಸಿಕ್ಕರೆ ಅವನ ಹಳೇ ಹನ್ನೆರಡು ಬೋರೇ ಸಾಕು. ಬದಲಾಗಬೇಕಾದ್ದು ತೋಟಾ. ಎಲ್.ಜಿ. ಅನ್ನುವ ದಪ್ಪ ಚರೆ ದೂರ ಹೋದಷ್ಟೂ ಹರಡಿಕೊಂಡು ಗಾಯ ಮಾತ್ರ ಮಾಡುತ್ತದೆ, ಇಷ್ಟು ದೂರಕ್ಕೂ ಒಂಟಿ ಗುಂಡಿನ ತೋಟಾ ವಾಸಿ. ಅದಕ್ಕೆ ಮುಂಚೆ ನಳಿಗೆಯ ಬಾಯಿ ಒಂಟಿ ಗುಂಡಿಗೆ ತೀರಾ ಕಿರಿದಾಗಿದೆಯಾ ಅಂತ ಬಂದೂಕು ರಿಪೇರಿಯವರಿಗೆ ತೋರಿಸಲೇಬೇಕು.

ಇಲ್ಲಿಂದ ಊರಿಗೆ ಹೋಗಬೇಕಾದ್ದು ಅಂದರೆ ನನ್ನ ಕಣ್ಣಿಗೆ ಕಾಣುವುದು ಎರಡು. ಒಂದು, ಅಭ್ಯಾಸದ ಜಾಗ. ಇಲ್ಲಿ ಎಂಬತ್ತು ಮೀಟರ್ ದೂರದಲ್ಲಿ ಹಳಿ ಮೇಲೆ ಓಡುವ ಮೂಸ್ ಚಿತ್ರಕ್ಕೆ ಗುರಿ ಇಟ್ಟು ಕಲಿಯುತ್ತಾರೆ. ನಮ್ಮಲ್ಲೂ 2016ರ ನಿಯಮದಲ್ಲಿ ಸುರಕ್ಷತಾ ತರಬೇತಿ ಬಂತು, ಒಳ್ಳೆಯದೇ. ಆದರೆ ಲೈಸೆನ್ಸ್ ಸಿಕ್ಕ ಮೇಲೆ ರೈತ ಗುರಿ ಕಲಿಯುವುದೆಲ್ಲಿ? ತಾಲೂಕಿಗೊಂದು ಜಾಗ ಬೇಕು. ಎರಡನೆಯದು, ಗಾಯಗೊಂಡ ಪ್ರಾಣಿಯ ಹೊಣೆ. ಮೂಸ್ ಬೇಟೆಗೆ ಹೋದರೆ, ಜಾಡು ಹಿಡಿಯುವ ನಾಯಿ ಎರಡು ಗಂಟೆಯೊಳಗೆ ಬರುವ ವ್ಯವಸ್ಥೆ ಇರಲೇಬೇಕು ಅನ್ನುತ್ತದೆ ಇಲ್ಲಿನ ಕಾನೂನು. ನಮ್ಮಲ್ಲಿ ಗಾಯವಾದ ಹಂದಿ ಜಾಲಿ ಪೊದೆಗೆ ನುಗ್ಗಿದರೆ ಮಾರನೇ ದಿನ ಅದಕ್ಕೆ ಎದುರಾಗುವುದು ಮೇಕೆ ಮೇಯಿಸುವ ಯಾರೋ.

ನನ್ನ .223 ಅರ್ಜಿ ಈ ತಿಂಗಳು ಹೋಗುತ್ತದೆ. ತಮ್ಮನಿಗೆ ಹೇಳಿರುವುದು ಇಷ್ಟೇ: ರೈಫಲ್‌ಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಮುಂಗಾರು ಬಿತ್ತನೆಗೆ ಮುಂಚೆ ಕಡಲೆಕಾಯಿ ಹೊಲಕ್ಕೆ ಸೋಲಾರ್ ಬೇಲಿ ಹಾಕಿಸು, ಉಳಿದರೆ ಒಳ್ಳೆಯ ಟಾರ್ಚ್ ತಗೋ.